ರಂಗಮಂದಿರಗಳ ಡಿಮ್ಮರ್ ರ‍್ಯಾಕ್: ಜೋಡಣೆ, ಹೊಂದಾಣಿಕೆ ಮತ್ತು ದೋಷ ಪರಿಹಾರ ಕುರಿತು ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ನಾಟಕ, ನೃತ್ಯ, ಯಕ್ಷಗಾನ, ಸಂಗೀತ ಮುಂತಾದ ಕಾರ್ಯಕ್ರಮಗಳಿಗಾಗಿ ರಂಗಮಂದಿರವನ್ನು ಕಾಯ್ದಿರಿಸಲು ಅರ್ಜಿ ಸಲ್ಲಿಸುವ ತಂಡಗಳು, ಸಂಘ ಸಂಸ್ಥೆಗಳು ಹಾಗೂ ಅವರೊಡನೆ ಬರುವ ಬೆಳಕಿನ ನಿರ್ವಾಹಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ರಂಗದ ದೀಪಗಳ ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್ ರ‍್ಯಾಕ್‌ನ ಜೋಡಣೆ, ಅದರ ಹೊಂದಾಣಿಕೆ, ಪ್ರದರ್ಶನದ ದಿನ ಸಾಮಾನ್ಯವಾಗಿ ಎದುರಾಗುವ ದೋಷಗಳು ಮತ್ತು ಆಗ ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ರಂಗಮಂದಿರವು ಬಹುತೇಕ ತಂಡಗಳ ವಶಕ್ಕೆ ಬರುವುದು ಪ್ರದರ್ಶನದ ದಿನವೇ. ಬೆಳಿಗ್ಗೆ ರಂಗಸಜ್ಜಿಕೆ, ಮಧ್ಯಾಹ್ನ ದೀಪಗಳ ಜೋಡಣೆ, ಸಂಜೆ ತಾಲೀಮು, ನಂತರ ಪ್ರದರ್ಶನ ಎಂಬ ಅವಸರದಲ್ಲಿ ವಿದ್ಯುತ್ತಿಗೆ ಸಂಬಂಧಿಸಿದ ತಪ್ಪುಗಳು ನುಸುಳುತ್ತವೆ. ಈ ದೋಷಗಳಲ್ಲಿ ಕೆಲವನ್ನು ನಿರ್ವಾಹಕರೇ ಕೆಲವು ನಿಮಿಷಗಳಲ್ಲಿ ಸರಿಪಡಿಸಿಕೊಳ್ಳಬಹುದು. ಇನ್ನು ಕೆಲವು ಕಂಡುಬಂದ ಕ್ಷಣವೇ ಮುಖ್ಯ ಸ್ವಿಚ್ಚನ್ನು ಆರಿಸಿ ಪರವಾನಗಿ ಹೊಂದಿದ ವಿದ್ಯುತ್ ಕೆಲಸಗಾರರನ್ನು ಕರೆಸಲೇಬೇಕಾದಂಥವು. ಯಾವುದು ಮೊದಲನೆಯ ಬಗೆ, ಯಾವುದು ಎರಡನೆಯ ಬಗೆ ಎಂಬುದನ್ನು ಓದುಗರು ಗುರುತಿಸಬಲ್ಲವರಾಗಬೇಕೆಂಬುದೇ ಈ ಪುಟದ ಮುಖ್ಯ ಉದ್ದೇಶ.

ಡಿಮ್ಮರ್ ಕೆಲಸ ಮಾಡುವ ಬಗೆ

ಹಿಂದಿನ ಕಾಲದಲ್ಲಿ ದೀಪದ ಬೆಳಕನ್ನು ತಗ್ಗಿಸಲು ದೊಡ್ಡ ಪ್ರತಿರೋಧಕಗಳನ್ನು, ಅದಕ್ಕೂ ಮೊದಲು ಉಪ್ಪುನೀರು ತುಂಬಿದ ಪಾತ್ರೆಗಳನ್ನು ಬಳಸಲಾಗುತ್ತಿತ್ತು. ಇವುಗಳಲ್ಲಿ ದೀಪಕ್ಕೆ ಹೋಗದ ವಿದ್ಯುತ್ತೆಲ್ಲ ಶಾಖವಾಗಿ ವ್ಯರ್ಥವಾಗುತ್ತಿತ್ತು. ಥೈರಿಸ್ಟರ್ ಎಂಬ ಅರೆವಾಹಕ ಸಾಧನವು ಬಂದ ಮೇಲೆ ಈ ಪದ್ಧತಿ ಬದಲಾಯಿತು. ನಮ್ಮ ವಿದ್ಯುತ್ ಸರಬರಾಜು ಸೆಕೆಂಡಿಗೆ 50 ಆವರ್ತಗಳದ್ದು; ಅಂದರೆ ಪ್ರತಿ 10 ಮಿಲಿಸೆಕೆಂಡಿಗೊಂದು ಅರ್ಧ ಆವರ್ತ ಬರುತ್ತದೆ. ಥೈರಿಸ್ಟರ್ ಡಿಮ್ಮರು ಪ್ರತಿಯೊಂದು ಅರ್ಧ ಆವರ್ತದ ಆರಂಭದ ಭಾಗವನ್ನು ತಡೆಹಿಡಿದು, ಉಳಿದ ಭಾಗವನ್ನು ಮಾತ್ರ ದೀಪಕ್ಕೆ ಬಿಡುತ್ತದೆ. ತಡೆಹಿಡಿದ ಭಾಗ ಹೆಚ್ಚಾದಷ್ಟೂ ಬೆಳಕು ಮಂದವಾಗುತ್ತದೆ. ಹೀಗೆ ಸೆಕೆಂಡಿಗೆ 100 ಬಾರಿ ವಿದ್ಯುತ್ತನ್ನು ತುಂಡರಿಸುವುದರಿಂದ ದೀಪದ ತಂತಿ ಸಣ್ಣಗೆ ಗುಂಯ್‌ಗುಡುವುದುಂಟು, ಸಮೀಪದ ಧ್ವನಿವರ್ಧಕದಲ್ಲಿ ಝೇಂಕಾರ ಕೇಳಿಸುವುದುಂಟು. ಇದನ್ನು ತಗ್ಗಿಸಲೆಂದೇ ಪ್ರತಿ ಚಾನೆಲ್ಲಿನಲ್ಲಿಯೂ ಒಂದು ಚೋಕ್ ಸುರುಳಿ ಇರುತ್ತದೆ. ರ‍್ಯಾಕ್ ಭಾರವಾಗಿರುವುದಕ್ಕೆ ಈ ಚೋಕ್‌ಗಳೇ ಮುಖ್ಯ ಕಾರಣ. ಹಗುರವಾದ, ಅಗ್ಗದ ಡಿಮ್ಮರನ್ನು ಕಂಡಾಗ ಅದರಲ್ಲಿ ಯಾವುದನ್ನು ಉಳಿಸಿರಬಹುದೆಂದು ಖರೀದಿದಾರರು ಯೋಚಿಸುವುದು ಒಳ್ಳೆಯದು.

ಮೇಲಿನ ವಿವರಣೆಯಿಂದ ಪ್ರಾಣರಕ್ಷಣೆಗೆ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲಿಯೇ ತಿಳಿಯಪಡಿಸಲಾಗುತ್ತಿದೆ. ಬೋರ್ಡಿನಲ್ಲಿ ಫೇಡರನ್ನು ಸೊನ್ನೆಗೆ ಇಳಿಸಿದರೆ ದೀಪ ಆರುತ್ತದೆ. ಆದರೆ ವಿದ್ಯುತ್ ಸಂಪರ್ಕ ಕಡಿದಿರುವುದಿಲ್ಲ. ಥೈರಿಸ್ಟರ್ ಒಂದು ಯಾಂತ್ರಿಕ ಸ್ವಿಚ್ ಅಲ್ಲ. ಆರಿದ ಸ್ಥಿತಿಯಲ್ಲಿಯೂ ಅದರ ಮೂಲಕ ಮತ್ತು ಅದಕ್ಕೆ ಜೋಡಿಸಿದ ರಕ್ಷಣಾ ಮಂಡಲದ ಮೂಲಕ ಸ್ವಲ್ಪ ವಿದ್ಯುತ್ ಸೋರುತ್ತಿರುತ್ತದೆ. ಕೆಟ್ಟುಹೋದ ಥೈರಿಸ್ಟರ್ ಆದರೆ ಪೂರ್ಣ 230 ವೋಲ್ಟನ್ನೇ ದಾಟಿಸುತ್ತದೆ. ಆದ್ದರಿಂದ ಬಲ್ಬ್ ಬದಲಿಸುವ ಮುನ್ನ, ಹೋಲ್ಡರ್ ಮುಟ್ಟುವ ಮುನ್ನ, ಪ್ಲಗ್ ಟಾಪ್ ಬಿಚ್ಚುವ ಮುನ್ನ ಆ ಚಾನೆಲ್ಲಿನ ಎಂಸಿಬಿಯನ್ನು ಕೆಳಗಿಳಿಸಿ, ದೀಪದ ಪ್ಲಗ್ಗನ್ನು ಕಿತ್ತು ಬೇರ್ಪಡಿಸತಕ್ಕದ್ದು. ಏಣಿಯ ಮೇಲಿರುವವರು ಕೆಳಗಿರುವವರಿಗೆ "ಫೇಡರ್ ಇಳಿಸು" ಎಂದು ಕೂಗಿ ಕೈ ಹಾಕುವ ಅಭ್ಯಾಸ ಅನೇಕ ತಂಡಗಳಲ್ಲಿದೆ. ಈ ಅಭ್ಯಾಸವನ್ನು ಕಡ್ಡಾಯವಾಗಿ ಬಿಡಬೇಕು.

ಹೊರೆಯ ಲೆಕ್ಕ

ಸಾಮಾನ್ಯವಾಗಿ ಬಳಕೆಯಲ್ಲಿರುವ ರ‍್ಯಾಕ್‌ಗಳಲ್ಲಿ 6 ಅಥವಾ 12 ಚಾನೆಲ್‌ಗಳಿದ್ದು, ಪ್ರತಿ ಚಾನೆಲ್ಲಿನ ಸಾಮರ್ಥ್ಯ 2 ಕಿಲೋವ್ಯಾಟ್ ಇರುತ್ತದೆ. 2000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 8.7 ಆಂಪಿಯರ್ ಬರುತ್ತದೆ; ಅದಕ್ಕೆ 10 ಆಂಪಿಯರ್ ಎಂಸಿಬಿ ಇರುತ್ತದೆ. ಹೀಗಾಗಿ ಒಂದು ಚಾನೆಲ್ಲಿಗೆ 1000 ವ್ಯಾಟಿನ ಎರಡು ಪಾರ್ ದೀಪಗಳನ್ನು ಅಥವಾ 500 ವ್ಯಾಟಿನ ನಾಲ್ಕು ದೀಪಗಳನ್ನು ಜೋಡಿಸಬಹುದು. ಮೂರನೆಯ 1000 ವ್ಯಾಟ್ ದೀಪವನ್ನು ಜೋಡಿಸಿದರೆ ಪ್ರವಾಹ 13 ಆಂಪಿಯರ್ ಆಗುತ್ತದೆ. ಎಂಸಿಬಿ ತಕ್ಷಣ ಬೀಳದಿರಬಹುದು; ತಾಲೀಮಿನ ವೇಳೆ ದೀಪಗಳು ಅರ್ಧ ಬೆಳಕಿನಲ್ಲಿದ್ದಾಗ ಏನೂ ಆಗದೆ, ಪ್ರದರ್ಶನದಲ್ಲಿ ಪೂರ್ಣ ಬೆಳಕು ಹತ್ತಾರು ನಿಮಿಷ ಉರಿದ ಮೇಲೆ ಬೀಳಬಹುದು. ತಾಲೀಮಿನಲ್ಲಿ ಸರಿಯಾಗಿತ್ತು ಎಂಬುದು ಹೊರೆ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಹನ್ನೆರಡು ಚಾನೆಲ್ಲಿನ ಒಂದು ರ‍್ಯಾಕ್‌ನ ಒಟ್ಟು ಹೊರೆ 24 ಕಿಲೋವ್ಯಾಟ್. ಇದನ್ನು ಮೂರು ಫೇಸ್‌ಗಳಿಗೆ ಸಮನಾಗಿ ಹಂಚಿದರೆ ಪ್ರತಿ ಫೇಸಿಗೆ 8 ಕಿಲೋವ್ಯಾಟ್, ಅಂದರೆ ಸುಮಾರು 35 ಆಂಪಿಯರ್ ಬೀಳುತ್ತದೆ. ಎರಡು ರ‍್ಯಾಕ್‌ಗಳಾದರೆ ಫೇಸಿಗೆ ಸುಮಾರು 70 ಆಂಪಿಯರ್. ಅನೇಕ ರ‍್ಯಾಕ್‌ಗಳಲ್ಲಿ 1ರಿಂದ 4ರವರೆಗಿನ ಚಾನೆಲ್‌ಗಳು ಒಂದು ಫೇಸಿಗೆ, 5ರಿಂದ 8 ಇನ್ನೊಂದಕ್ಕೆ, 9ರಿಂದ 12 ಮತ್ತೊಂದಕ್ಕೆ ಸೇರಿರುತ್ತವೆ. ಇದನ್ನು ಅರಿಯದೆ ಮುಂಭಾಗದ ಎಲ್ಲ ದೀಪಗಳನ್ನು ಮೊದಲ ನಾಲ್ಕು ಚಾನೆಲ್‌ಗಳಿಗೇ ತುಂಬಿದರೆ ಒಂದು ಫೇಸ್ ಬಳಲುತ್ತದೆ, ಉಳಿದೆರಡು ಖಾಲಿ ಉಳಿಯುತ್ತವೆ. ರ‍್ಯಾಕ್‌ನ ಹಿಂಬದಿಯ ಫಲಕದಲ್ಲಿ ಫೇಸ್ ಹಂಚಿಕೆ ಬರೆದಿದೆಯೇ ಎಂಬುದನ್ನು ಮೊದಲು ನೋಡಿ, ಒಟ್ಟಿಗೆ ಉರಿಯಬೇಕಾದ ದೀಪಗಳನ್ನು ಮೂರೂ ಫೇಸ್‌ಗಳಿಗೆ ಹರಡತಕ್ಕದ್ದು.

ಎಂಸಿಬಿ ಪದೇಪದೇ ಬೀಳುತ್ತಿದೆಯೆಂದು ಅದರ ಜಾಗದಲ್ಲಿ 16 ಅಥವಾ 20 ಆಂಪಿಯರಿನದನ್ನು ಹಾಕಿಸುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ. ಎಂಸಿಬಿ ಇರುವುದು ದೀಪವನ್ನು ಉಳಿಸಲು ಅಲ್ಲ, ಗೋಡೆಯೊಳಗಿನ ತಂತಿಯನ್ನು ಉಳಿಸಲು.

ನ್ಯೂಟ್ರಲ್ ತಂತಿ: ವಿಶೇಷ ಎಚ್ಚರಿಕೆ

ಡಿಮ್ಮರ್ ರ‍್ಯಾಕ್‌ಗೆ ಸಂಬಂಧಿಸಿದ ಅವಘಡಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ನ್ಯೂಟ್ರಲ್ ತಂತಿಯದು. ಇದನ್ನು ಬೆಳಕಿನ ನಿರ್ವಾಹಕರು ಮಾತ್ರವಲ್ಲ, ತಂಡದ ವ್ಯವಸ್ಥಾಪಕರೂ ಓದಿ ತಿಳಿಯಬೇಕೆಂದು ಕೋರಲಾಗಿದೆ.

ಮೂರು ಫೇಸ್‌ಗಳ ಹೊರೆ ಸಮನಾಗಿದ್ದರೆ ನ್ಯೂಟ್ರಲ್‌ನಲ್ಲಿ ಪ್ರವಾಹ ಇರುವುದಿಲ್ಲವೆಂದು ನಾವೆಲ್ಲ ಓದಿರುತ್ತೇವೆ. ಸಾಮಾನ್ಯ ದೀಪ ಮತ್ತು ಹೀಟರುಗಳ ಮಟ್ಟಿಗೆ ಅದು ನಿಜ. ಆದರೆ ಡಿಮ್ಮರು ಆವರ್ತವನ್ನು ತುಂಡರಿಸುವುದರಿಂದ ಮೂರು ಫೇಸ್‌ಗಳ ಪ್ರವಾಹಗಳು ಒಂದನ್ನೊಂದು ರದ್ದುಗೊಳಿಸುವುದಿಲ್ಲ. ಎಲ್ಲ ದೀಪಗಳೂ ನಡುಮಟ್ಟದ ಬೆಳಕಿನಲ್ಲಿರುವಾಗ, ಹೊರೆ ಎಷ್ಟೇ ಸಮನಾಗಿದ್ದರೂ, ನ್ಯೂಟ್ರಲ್‌ನಲ್ಲಿ ಹರಿಯುವ ಪ್ರವಾಹ ಒಂದೊಂದು ಫೇಸಿನಲ್ಲಿ ಹರಿಯುವ ಪ್ರವಾಹಕ್ಕಿಂತಲೂ ಹೆಚ್ಚಾಗಿರಬಹುದು. ನ್ಯೂಟ್ರಲ್‌ನಲ್ಲಿ ಫ್ಯೂಸ್ ಅಳವಡಿಸುವುದಿಲ್ಲವಾದ್ದರಿಂದ ಅದು ಮಿತಿಮೀರಿ ಬಿಸಿಯಾದರೂ ತಾನಾಗಿ ಕಡಿದು ಎಚ್ಚರಿಸುವ ವ್ಯವಸ್ಥೆ ಹೆಚ್ಚಿನ ಕಡೆ ಇರುವುದಿಲ್ಲ.

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಮೂರೂವರೆ ಕೋರ್ ಕೇಬಲ್ಲಿನ ವಿಷಯವನ್ನು ಇಲ್ಲಿಯೇ ಹೇಳಬೇಕು. ಅದರಲ್ಲಿ ನ್ಯೂಟ್ರಲ್ ತಂತಿ ಫೇಸ್ ತಂತಿಯ ಸುಮಾರು ಅರ್ಧದಷ್ಟು ಮಾತ್ರ ಇರುತ್ತದೆ. ಉದಾಹರಣೆಗೆ ಫೇಸಿಗೆ 35 ಚದರ ಮಿಲಿಮೀಟರ್ ಇದ್ದರೆ ನ್ಯೂಟ್ರಲಿಗೆ 16. ಮೋಟಾರುಗಳೇ ಮುಖ್ಯ ಹೊರೆಯಾಗಿರುವ ಕಡೆ ಇದು ಸಾಕಾದೀತು. ಡಿಮ್ಮರ್ ರ‍್ಯಾಕ್‌ಗೆ ಇದು ತಕ್ಕುದಲ್ಲ. ರ‍್ಯಾಕ್‌ಗೆ ಹೋಗುವ ಮುಖ್ಯ ಕೇಬಲ್ಲಿನಲ್ಲಿ ನ್ಯೂಟ್ರಲ್ ತಂತಿ ಫೇಸ್ ತಂತಿಯಷ್ಟಾದರೂ ದಪ್ಪವಿರತಕ್ಕದ್ದು. ಅದಕ್ಕಿಂತ ದಪ್ಪವಿದ್ದರೆ ಇನ್ನೂ ಉತ್ತಮ. ಅಲ್ಯೂಮಿನಿಯಂ ಕೇಬಲ್ಲನ್ನು ತಾಮ್ರದ ಪಟ್ಟಿಗೆ ಜೋಡಿಸುವ ಕಡೆ ಅದಕ್ಕೆಂದೇ ತಯಾರಾದ ಲಗ್‌ಗಳನ್ನು ಬಳಸದಿದ್ದರೆ ಕಾಲಕ್ರಮೇಣ ಆ ಜೋಡಣೆ ಸಡಿಲವಾಗಿ ಕಪ್ಪಿಡುತ್ತದೆ.

ನ್ಯೂಟ್ರಲ್ ಕಡಿದರೆ ಆಗುವುದೇನು? ಎರಡು ಫೇಸ್‌ಗಳ ದೀಪಗಳು ಸರಣಿಯಾಗಿ ಸೇರಿಕೊಂಡು ಅವುಗಳ ಮೇಲೆ 400 ವೋಲ್ಟ್ ಬೀಳುತ್ತದೆ. ಈ 400 ವೋಲ್ಟ್ ಸಮಪಾಲಾಗಿ ಹಂಚಿಕೆಯಾಗುವುದಿಲ್ಲ. ಒಂದು ಫೇಸಿನಲ್ಲಿ 4000 ವ್ಯಾಟಿನ ದೀಪಗಳೂ ಇನ್ನೊಂದರಲ್ಲಿ 500 ವ್ಯಾಟಿನ ಒಂದೇ ದೀಪವೂ ಉರಿಯುತ್ತಿವೆ ಎಂದಿಟ್ಟುಕೊಳ್ಳಿ. ಲೆಕ್ಕದ ಪ್ರಕಾರ ಆ ಒಂಟಿ ದೀಪದ ಪಾಲಿಗೆ ಸುಮಾರು 350 ವೋಲ್ಟ್ ಬರುತ್ತದೆ. ದೀಪ ಒಡೆಯುವುದು ಸಣ್ಣ ನಷ್ಟ. ಅದೇ ಫೇಸಿನಲ್ಲಿ ಧ್ವನಿವರ್ಧಕ, ಹಾರ್ಮೋನಿಯಂ ಎದುರಿನ ಮೈಕಿನ ಆಂಪ್ಲಿಫಯರ್, ಪ್ರಸಾಧನ ಕೊಠಡಿಯ ಫ್ಯಾನು, ಯಾರದೋ ಮೊಬೈಲಿನ ಚಾರ್ಜರ್ ಇದ್ದರೆ ಅವೆಲ್ಲವುಗಳಿಂದ ಹೊಗೆ ಏಳಬಹುದು. ಪರದೆ, ಬಟ್ಟೆ, ಒಣ ಮರದ ನಡುವೆ ಆ ಹೊಗೆ ಬೆಂಕಿಯಾಗಲು ಹೆಚ್ಚು ಸಮಯ ಬೇಕಾಗದು.

ಅದೃಷ್ಟವಶಾತ್, ನ್ಯೂಟ್ರಲ್ ಪೂರ್ತಿ ಕಡಿಯುವ ಮೊದಲು, ಅಂದರೆ ಸಡಿಲವಾಗಿರುವಾಗಲೇ, ಒಂದು ಲಕ್ಷಣ ಕಾಣಿಸುತ್ತದೆ. ಒಂದು ಗುಂಪಿನ ದೀಪಗಳನ್ನು ಏರಿಸಿದಾಗ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಗುಂಪಿನ ದೀಪಗಳು ತಾವಾಗಿ ಹೆಚ್ಚು ಪ್ರಕಾಶಿಸುತ್ತವೆ. ಸರಬರಾಜಿನ ವೋಲ್ಟೇಜ್ ಕಡಿಮೆಯಿದ್ದರೆ ದೀಪಗಳು ಮಂಕಾಗುತ್ತವೆಯೇ ಹೊರತು ಪ್ರಕಾಶ ಹೆಚ್ಚುವುದಿಲ್ಲ. ಆದ್ದರಿಂದ ಹೀಗೆ ಪ್ರಕಾಶ ಹೆಚ್ಚುವುದನ್ನು ಕಂಡ ಕೂಡಲೇ, ಪ್ರದರ್ಶನ ನಡೆಯುತ್ತಿದ್ದರೂ ಸರಿ, ಪ್ರೇಕ್ಷಾಗೃಹದ ದೀಪಗಳನ್ನು ಹೊತ್ತಿಸಿ, ರ‍್ಯಾಕ್‌ನ ಮುಖ್ಯ ಸ್ವಿಚ್ಚನ್ನು ಆರಿಸಿ, ರಂಗಮಂದಿರದ ವಿದ್ಯುತ್ ಸಿಬ್ಬಂದಿಗೆ ತಿಳಿಸತಕ್ಕದ್ದು. ಹತ್ತು ನಿಮಿಷ ಪ್ರದರ್ಶನ ನಿಂತಿತೆಂಬ ಕಾರಣಕ್ಕೆ ಯಾವ ಪ್ರೇಕ್ಷಕರೂ ತಂಡವನ್ನು ದೂರುವುದಿಲ್ಲ.

ನ್ಯೂಟ್ರಲ್ ಪಟ್ಟಿಯ ತಿರುಪುಗಳನ್ನು ಬಿಗಿಗೊಳಿಸುವುದು, ಕೇಬಲ್ ಬದಲಿಸುವುದು, ಮುಖ್ಯ ಫಲಕವನ್ನು ತೆರೆಯುವುದು ಇವು ಯಾವುವೂ ತಂಡದ ನಿರ್ವಾಹಕರ ಕೆಲಸವಲ್ಲ. ವಿದ್ಯುತ್ ಸುರಕ್ಷತೆಗೆ ಸಂಬಂಧಿಸಿದಂತೆ ಕೇಂದ್ರ ವಿದ್ಯುತ್ ಪ್ರಾಧಿಕಾರವು 2023ರಲ್ಲಿ ಹೊರಡಿಸಿರುವ ವಿನಿಯಮಗಳ ಅನ್ವಯ ಇಂತಹ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕ, ಅರ್ಹತಾ ಪತ್ರ ಹೊಂದಿದವರ ಮೇಲ್ವಿಚಾರಣೆಯಲ್ಲಿ ನಡೆಸತಕ್ಕದ್ದು.

ವಿಳಾಸ ನೀಡಿಕೆ ಮತ್ತು ಡಿಎಂಎಕ್ಸ್ ಸಂಕೇತ

ಬೋರ್ಡಿನಿಂದ ರ‍್ಯಾಕ್‌ಗೆ ಆದೇಶ ತಲುಪುವುದು ಡಿಎಂಎಕ್ಸ್ 512 ಎಂಬ ಸಂಕೇತ ಪದ್ಧತಿಯ ಮೂಲಕ. ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು 1986ರಲ್ಲಿ ರೂಪಿಸಿದ ಈ ಪದ್ಧತಿ ಇಂದಿಗೂ ಲೋಕದ ಬಹುತೇಕ ರಂಗಮಂದಿರಗಳಲ್ಲಿ ಬಳಕೆಯಲ್ಲಿದೆ. ಒಂದೇ ಕೇಬಲ್ಲಿನಲ್ಲಿ 512 ವಿಳಾಸಗಳಿಗೆ ಆದೇಶ ಹೋಗುತ್ತದೆ. ತನ್ನ ವಿಳಾಸ ಯಾವುದೆಂದು ಪ್ರತಿ ರ‍್ಯಾಕ್‌ಗೆ ನಾವು ಮೊದಲೇ ತಿಳಿಸಿರಬೇಕು. ಹನ್ನೆರಡು ಚಾನೆಲ್ಲಿನ ಮೊದಲ ರ‍್ಯಾಕ್‌ಗೆ 1ನೇ ವಿಳಾಸ ಕೊಟ್ಟರೆ ಅದು 1ರಿಂದ 12ನ್ನು ತೆಗೆದುಕೊಳ್ಳುತ್ತದೆ. ಆದ್ದರಿಂದ ಎರಡನೆಯದಕ್ಕೆ 13, ಮೂರನೆಯದಕ್ಕೆ 25, ನಾಲ್ಕನೆಯದಕ್ಕೆ 37 ಕೊಡಬೇಕು. ಎರಡನೆಯ ರ‍್ಯಾಕ್‌ಗೆ ತಪ್ಪಿ 12 ಕೊಟ್ಟರೆ ಬೋರ್ಡಿನ 12ನೇ ಫೇಡರು ಎರಡು ಕಡೆ ಬೆಳಕು ಹೊತ್ತಿಸುತ್ತದೆ, ನಂತರದ ಎಲ್ಲ ದೀಪಗಳೂ ಒಂದೊಂದು ಸ್ಥಾನ ಜಾರುತ್ತವೆ.

ಹೊಸ ರ‍್ಯಾಕ್‌ಗಳಲ್ಲಿ ಅಂಕಿಗಳು ಪರದೆಯ ಮೇಲೆ ಕಾಣುತ್ತವೆ. ಹಳೆಯವುಗಳಲ್ಲಿ ಒಂಬತ್ತು ಪುಟ್ಟ ಸ್ವಿಚ್‌ಗಳ ಸಾಲು ಇರುತ್ತದೆ. ಅವುಗಳ ಬೆಲೆ ಕ್ರಮವಾಗಿ 1, 2, 4, 8, 16, 32, 64, 128, 256. ಮೇಲಕ್ಕೆತ್ತಿದ ಸ್ವಿಚ್‌ಗಳ ಬೆಲೆಯನ್ನು ಕೂಡಿದರೆ ವಿಳಾಸ ದೊರೆಯುತ್ತದೆ. 13 ಬೇಕಾದರೆ 8, 4, 1 ಅಂದರೆ ನಾಲ್ಕನೆಯ, ಮೂರನೆಯ, ಮೊದಲನೆಯ ಸ್ವಿಚ್‌ಗಳನ್ನು ಎತ್ತಬೇಕು. 25 ಬೇಕಾದರೆ 16, 8, 1. ಕೆಲವು ತಯಾರಕರ ಉಪಕರಣಗಳಲ್ಲಿ ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ವಿಳಾಸಕ್ಕಿಂತ ಒಂದು ಕಡಿಮೆ ಹೊಂದಿಸಬೇಕಾಗುತ್ತದೆ. ಎಲ್ಲ ದೀಪಗಳೂ ಸರಿಯಾಗಿ ಒಂದೇ ಒಂದು ಸ್ಥಾನ ಜಾರಿರುವುದು ಕಂಡುಬಂದರೆ ಇದನ್ನು ಸಂಶಯಿಸಬಹುದು.

ಸಂಕೇತದ ಕೇಬಲ್ಲು ಬೋರ್ಡಿನಿಂದ ಮೊದಲ ರ‍್ಯಾಕ್‌ಗೆ, ಅಲ್ಲಿಂದ ಎರಡನೆಯದಕ್ಕೆ, ಹೀಗೆ ಸರಪಳಿಯಂತೆ ಸಾಗಬೇಕು. ನಡುವೆ ತಂತಿ ಸೀಳಿ ಕವಲು ತೆಗೆಯಬಾರದು. ಕವಲು ಬೇಕೇ ಬೇಕಿದ್ದರೆ ಅದಕ್ಕೆಂದೇ ಇರುವ ಸ್ಪ್ಲಿಟರ್ ಪೆಟ್ಟಿಗೆಯನ್ನು ಬಳಸತಕ್ಕದ್ದು. ಸರಪಳಿಯ ಕೊನೆಯ ಉಪಕರಣದಲ್ಲಿ 2 ಮತ್ತು 3ನೇ ಪಿನ್ನುಗಳ ನಡುವೆ 120 ಓಮ್ ಪ್ರತಿರೋಧಕವಿರುವ ಟರ್ಮಿನೇಟರನ್ನು ಚುಚ್ಚಬೇಕು. ಇದಿಲ್ಲದಿದ್ದರೆ ಸಂಕೇತ ತುದಿಗೆ ಬಡಿದು ಹಿಂದಿರುಗುತ್ತದೆ. ದೀಪಗಳು ಕಾರಣವಿಲ್ಲದೆ ಮಿಣುಕುತ್ತವೆ, ಅದೂ ಒಮ್ಮೆ ಆಗಿ ಇನ್ನೊಮ್ಮೆ ಆಗದೆ ನಿರ್ವಾಹಕರನ್ನು ಸತಾಯಿಸುತ್ತದೆ. ಕೆಲವೇ ರೂಪಾಯಿ ಬೆಲೆಯ ಈ ವಸ್ತುವನ್ನು ಪ್ರತಿ ತಂಡವೂ ತನ್ನ ಪೆಟ್ಟಿಗೆಯಲ್ಲಿ ಎರಡಾದರೂ ಇಟ್ಟುಕೊಂಡಿರುವುದು ಸೂಕ್ತ. ಮೈಕಿನ ಕೇಬಲ್ಲು ಮೂರು ಪಿನ್ನಿನ ಸಾಕೆಟ್ಟಿಗೆ ಹೊಂದಿಕೊಳ್ಳುತ್ತದೆಂಬ ಕಾರಣಕ್ಕೆ ಅದನ್ನು ಡಿಎಂಎಕ್ಸ್‌ಗೆ ಬಳಸಬಾರದು. ಚಿಕ್ಕ ದೂರಕ್ಕೆ ಕೆಲಸ ಮಾಡಿದಂತೆ ಕಂಡರೂ ಪ್ರೇಕ್ಷಾಗೃಹದ ಹಿಂಬದಿಯಿಂದ ರಂಗದವರೆಗಿನ ದೂರಕ್ಕೆ ಅದನ್ನು ನೆಚ್ಚಲಾಗದು. ಮೈಕಿನ ಸಾಕೆಟ್ಟಿನಲ್ಲಿ 48 ವೋಲ್ಟ್ ಇರುವ ಸಂಭವವೂ ಇದ್ದು, ಎರಡೂ ಅದಲುಬದಲಾದರೆ ಬೋರ್ಡು ಕೆಡಬಹುದು.

ಎಲ್‌ಇಡಿ ದೀಪಗಳನ್ನು ತರುವ ತಂಡಗಳಿಗೆ

ಇತ್ತೀಚಿನ ವರ್ಷಗಳಲ್ಲಿ ತಂಡಗಳು ತಮ್ಮದೇ ಎಲ್‌ಇಡಿ ದೀಪಗಳನ್ನು ತರುವುದು ಹೆಚ್ಚಾಗಿದೆ. ಇವುಗಳೊಳಗೆ ಎಲೆಕ್ಟ್ರಾನಿಕ್ ವಿದ್ಯುತ್ ಘಟಕ ಇರುವುದರಿಂದ ಇವನ್ನು ಡಿಮ್ಮರಿನ ಸಾಕೆಟ್ಟಿಗೆ ಜೋಡಿಸಬಾರದು. ತುಂಡರಿಸಿದ ವಿದ್ಯುತ್ತಿನಿಂದ ಒಳಗಿನ ಘಟಕ ಸುಟ್ಟುಹೋಗುತ್ತದೆ. ಫೇಡರನ್ನು ಪೂರ್ತಿ ಮೇಲೆ ಇಟ್ಟರೆ ಆಯಿತಲ್ಲ ಎಂಬ ವಾದವೂ ನಿಲ್ಲುವುದಿಲ್ಲ: ಫೇಡರ್ ಏರುವ ಇಳಿಯುವ ಆ ಕೆಲವು ಕ್ಷಣಗಳೇ ಸಾಕು, ಮೇಲಾಗಿ ಯಾರಾದರೂ ಬ್ಲ್ಯಾಕೌಟ್ ಗುಂಡಿ ಒತ್ತಿಯೇ ಒತ್ತುತ್ತಾರೆ. ಎಲ್‌ಇಡಿ ದೀಪ, ತಿರುಗುವ ದೀಪ, ಹೊಗೆಯಂತ್ರ, ಫ್ಯಾನು, ಪ್ರೊಜೆಕ್ಟರ್ ಇವೆಲ್ಲಕ್ಕೂ ಗೋಡೆಯ ನೇರ ಸಾಕೆಟ್ಟಿನಿಂದಲೇ ವಿದ್ಯುತ್ ಪಡೆಯತಕ್ಕದ್ದು.

ಮತ್ತೊಂದು ಸಾಮಾನ್ಯ ತೊಂದರೆಯೆಂದರೆ ಎಲ್‌ಇಡಿ ದೀಪಗಳು ಕಾರ್ಖಾನೆಯಿಂದ ಬರುವಾಗ ಹೆಚ್ಚಾಗಿ 1ನೇ ವಿಳಾಸದಲ್ಲಿಯೇ ಇರುತ್ತವೆ. ಡಿಮ್ಮರ್ ರ‍್ಯಾಕ್ ಸಹ 1ರಿಂದಲೇ ಆರಂಭವಾಗಿದ್ದರೆ ಮುಂಭಾಗದ ಬಿಳಿ ದೀಪ ಏರಿಸಿದಾಗ ಹಿಂಭಾಗದಲ್ಲಿ ಕೆಂಪು ಬೆಳಕು ಹರಡುತ್ತದೆ. ಡಿಮ್ಮರ್‌ಗಳಿಗೆ ಮೊದಲ ನೂರು ವಿಳಾಸಗಳನ್ನು ಮೀಸಲಿಟ್ಟು, ಎಲ್‌ಇಡಿಗಳನ್ನು 101ರಿಂದ ಆರಂಭಿಸುವ ಪದ್ಧತಿ ಇಟ್ಟುಕೊಂಡರೆ ಈ ಗೊಂದಲ ಬಾರದು.

ದೋಷ ಕಂಡುಬಂದಾಗ

ದೋಷ ಹುಡುಕುವಾಗ ಒಮ್ಮೆಗೆ ಒಂದನ್ನೇ ಬದಲಿಸಬೇಕು. ಬಲ್ಬು, ಕೇಬಲ್ಲು, ಚಾನೆಲ್ಲು ಮೂರನ್ನೂ ಒಟ್ಟಿಗೆ ಬದಲಿಸಿದರೆ ದೀಪ ಹೊತ್ತಿಕೊಳ್ಳಬಹುದು, ಆದರೆ ಕೆಟ್ಟಿದ್ದು ಯಾವುದೆಂದು ತಿಳಿಯದೆ ಅದು ಮತ್ತೆ ಪೆಟ್ಟಿಗೆ ಸೇರುತ್ತದೆ.

ಒಂದೇ ದೀಪ ಹೊತ್ತದಿದ್ದರೆ ಆ ದೀಪದ ಪ್ಲಗ್ಗನ್ನು ಸರಿಯಾಗಿ ಕೆಲಸ ಮಾಡುತ್ತಿರುವ ಇನ್ನೊಂದು ಚಾನೆಲ್ಲಿಗೆ ಚುಚ್ಚಿ ನೋಡಬೇಕು. ಅಲ್ಲಿಯೂ ಹೊತ್ತದಿದ್ದರೆ ದೋಷ ಬಲ್ಬು, ಹೋಲ್ಡರ್ ಅಥವಾ ಪ್ಲಗ್ ಟಾಪಿನಲ್ಲಿದೆ. ಅಲ್ಲಿ ಹೊತ್ತಿದರೆ ಮೊದಲ ಚಾನೆಲ್ಲಿನ ಎಂಸಿಬಿ ಬಿದ್ದಿದೆಯೇ ಎಂದು ನೋಡಿ, ನಂತರ ರ‍್ಯಾಕ್‌ನಲ್ಲಿರುವ ಪರೀಕ್ಷಾ ಗುಂಡಿಯನ್ನು ಒತ್ತಬೇಕು. ಗುಂಡಿಗೆ ದೀಪ ಹೊತ್ತಿ ಬೋರ್ಡಿಗೆ ಹೊತ್ತದಿದ್ದರೆ ದೋಷ ವಿಳಾಸದಲ್ಲಿ ಅಥವಾ ಬೋರ್ಡಿನ ಪ್ಯಾಚ್‌ನಲ್ಲಿದೆ. ಒಂದು ರ‍್ಯಾಕ್‌ನ ಎಲ್ಲ ದೀಪಗಳೂ ಬೋರ್ಡಿಗೆ ಸ್ಪಂದಿಸದೆ ಪರೀಕ್ಷಾ ಗುಂಡಿಗೆ ಮಾತ್ರ ಸ್ಪಂದಿಸಿದರೆ ಸಂಕೇತದ ಕೇಬಲ್ಲನ್ನು ಬದಲಿಸಿ ನೋಡಬೇಕು. ನಾಲ್ಕು ಚಾನೆಲ್‌ಗಳು ಒಟ್ಟಿಗೆ ಸತ್ತಿದ್ದರೆ ಒಂದು ಫೇಸ್ ಹೋಗಿದೆ ಎಂದರ್ಥ. ಇದು ವಿದ್ಯುತ್ ಸಿಬ್ಬಂದಿಯ ಕೆಲಸ.

ಫೇಡರ್ ಇಳಿಸಿದರೂ ದೀಪ ಪೂರ್ತಿ ಉರಿಯುತ್ತಲೇ ಇದ್ದರೆ ಥೈರಿಸ್ಟರ್ ಒಳಗೇ ಸೇರಿಕೊಂಡಿದೆ. ಇದಕ್ಕೆ ಮುನ್ನ ಆ ಚಾನೆಲ್ ಅನ್ನು ಯಾರಾದರೂ ಸ್ವಿಚ್ ಕ್ರಮಕ್ಕೆ ಅಥವಾ ಪರೀಕ್ಷಾ ಕ್ರಮಕ್ಕೆ ಹೊಂದಿಸಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ದೀಪ ಪೂರ್ಣ ಬೆಳಕಿಗೆ ಏರದೆ ಕಣ್ಣಿಗೆ ಕಾಣುವಷ್ಟು ಅದುರುತ್ತಿದ್ದರೆ ಥೈರಿಸ್ಟರ್ ಜೋಡಿಯಲ್ಲಿ ಒಂದು ಕೆಲಸ ನಿಲ್ಲಿಸಿ ಅರ್ಧ ಆವರ್ತ ಮಾತ್ರ ಹರಿಯುತ್ತಿದೆ. ಈ ಎರಡೂ ಸಂದರ್ಭಗಳಲ್ಲಿ ಆ ಚಾನೆಲ್ಲಿನ ಎಂಸಿಬಿ ಇಳಿಸಿ, ಅದರ ಮೇಲೆ "ಬಳಸಬಾರದು" ಎಂದು ಚೀಟಿ ಅಂಟಿಸಿ, ದೀಪವನ್ನು ಖಾಲಿ ಚಾನೆಲ್ಲಿಗೆ ವರ್ಗಾಯಿಸುವುದೇ ಪ್ರದರ್ಶನದ ದಿನದ ಸರಿಯಾದ ಪರಿಹಾರ. ಪ್ರದರ್ಶನ ಮುಗಿದ ಮೇಲೆ ಚೀಟಿಯ ವಿಷಯವನ್ನು ಸಿಬ್ಬಂದಿಗೆ ಬರವಣಿಗೆಯಲ್ಲಿ ತಿಳಿಸದೆ ಹೋದರೆ ಮರುದಿನದ ತಂಡ ಅದೇ ಹಳ್ಳಕ್ಕೆ ಬೀಳುತ್ತದೆ.

ಬಲ್ಬು ಸುಡುವಾಗ ಅದರೊಳಗೆ ಕಿಡಿ ಹಾರಿ ಎಂಸಿಬಿ ಬೀಳುವುದು ಸಹಜ. ಬಲ್ಬು ಬದಲಿಸಿ ಎಂಸಿಬಿಯನ್ನು ಒಮ್ಮೆ ಏರಿಸಬಹುದು. ಎರಡನೆಯ ಬಾರಿ ಬಿದ್ದರೆ ಮತ್ತೆ ಏರಿಸಬಾರದು. ತಣ್ಣಗಿರುವ ಟಂಗ್‌ಸ್ಟನ್ ತಂತಿ ಬಿಸಿಯಾದಾಗಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಪ್ರವಾಹವನ್ನು ಕ್ಷಣಕಾಲ ಎಳೆಯುತ್ತದೆ. ಆದ್ದರಿಂದ ಪ್ರದರ್ಶನಕ್ಕೆ ಮುನ್ನ ಎಲ್ಲ ದೀಪಗಳನ್ನು ನಿಧಾನವಾಗಿ ಏರಿಸಿ ಬೆಚ್ಚಗಾಗಿಸುವುದು ಬಲ್ಬಿನ ಆಯುಷ್ಯಕ್ಕೂ ಎಂಸಿಬಿಗೂ ಒಳ್ಳೆಯದು.

ಮಲ್ಟಿಮೀಟರ್ ಬಳಸುವವರು ಒಂದು ಅಂಶವನ್ನು ಗಮನಿಸಬೇಕು. ದೀಪ ಜೋಡಿಸದ ಖಾಲಿ ಸಾಕೆಟ್ಟಿನಲ್ಲಿ, ಫೇಡರ್ ಸೊನ್ನೆಯಲ್ಲಿದ್ದಾಗಲೂ, ಮೀಟರು ನೂರಕ್ಕೂ ಹೆಚ್ಚು ವೋಲ್ಟ್ ತೋರಿಸಬಹುದು. ಇದು ಸೋರಿಕೆಯ ಫಲ. ಡಿಮ್ಮರ್ ಕೆಟ್ಟಿದೆ ಎಂದಲ್ಲ. 100 ವ್ಯಾಟಿನ ಸಾಮಾನ್ಯ ಬಲ್ಬನ್ನು ಹೊರೆಯಾಗಿ ಜೋಡಿಸಿಯೇ ಅಳೆಯಬೇಕು. ಅರ್ಧ ಬೆಳಕಿನ ಅಳತೆಗೆ ಸಾಧಾರಣ ಮೀಟರುಗಳು ತಪ್ಪು ಉತ್ತರ ಕೊಡುತ್ತವೆ. ನಿಜ ಆರ್‌ಎಂಎಸ್ ಅಳೆಯುವ ಮೀಟರ್ ಬೇಕು.

ರ‍್ಯಾಕ್ ಬಿಸಿಯಾಗಿ ತಾನೇ ಬೆಳಕು ತಗ್ಗಿಸಿದರೆ ಅಥವಾ ನಿಂತುಹೋದರೆ ಗಾಳಿಯಾಡುವ ಕಿಂಡಿಗಳಿಗೆ ಪರದೆ, ಪೆಟ್ಟಿಗೆ ಅಡ್ಡವಾಗಿದೆಯೇ ಎಂದು ಮೊದಲು ನೋಡಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲ ಕಳೆದ ಮೇಲೆ ಸಂಪರ್ಕಗಳಿಗೆ ಕಿಲುಬು ಹಿಡಿದಿರುತ್ತದೆ. ತಿಂಗಳುಗಟ್ಟಲೆ ಬಳಸದ ರ‍್ಯಾಕ್‌ನೊಳಗೆ ಹಲ್ಲಿ ಸಿಕ್ಕಿಕೊಂಡಿರುವುದು, ಇಲಿ ತಂತಿ ಕಡಿದಿರುವುದು ತಮಾಷೆಯ ಮಾತಲ್ಲ. ದೀರ್ಘಕಾಲದ ಬಿಡುವಿನ ನಂತರ ಸಿಬ್ಬಂದಿ ಒಳಗೆ ಪರಿಶೀಲಿಸಿದ ಮೇಲೆಯೇ ವಿದ್ಯುತ್ ಹರಿಸಬೇಕು.

ಜನರೇಟರ್ ಬಳಸುವಾಗ

ಜಾತ್ರೆ ಮತ್ತು ಬಯಲು ಪ್ರದರ್ಶನಗಳಲ್ಲಿ, ಉದಾಹರಣೆಗೆ ಬಾದಾಮಿ ಸಮೀಪದ ಬನಶಂಕರಿ ಜಾತ್ರೆಯಲ್ಲಿ ಠಿಕಾಣಿ ಹೂಡುವ ನಾಟಕ ಕಂಪನಿಗಳಂತೆ ವಾರಗಟ್ಟಲೆ ಒಂದೆಡೆ ನಿಲ್ಲುವವರಿಗೆ, ಜನರೇಟರಿನ ಆಯ್ಕೆ ಮುಖ್ಯ. ಡಿಮ್ಮರು ಪ್ರತಿ ಅರ್ಧ ಆವರ್ತದ ಸೊನ್ನೆ ಬಿಂದುವನ್ನು ನೋಡಿಕೊಂಡು ತನ್ನ ಲೆಕ್ಕ ಹಾಕುತ್ತದೆ. ಎಂಜಿನ್ನಿನ ವೇಗ ತೂಗಾಡಿದರೆ ಆ ಬಿಂದು ಜಾರುತ್ತದೆ, ಎಲ್ಲ ದೀಪಗಳೂ ಒಟ್ಟಾಗಿ ಮಿಣುಕುತ್ತವೆ. ದೀಪಗಳ ಒಟ್ಟು ಹೊರೆಯ ಒಂದೂವರೆಯಿಂದ ಎರಡು ಪಟ್ಟು ಸಾಮರ್ಥ್ಯದ, ವೇಗ ನಿಯಂತ್ರಣ ಸರಿಯಾಗಿರುವ ಮೂರು ಫೇಸಿನ ಜನರೇಟರನ್ನು ಗೊತ್ತುಮಾಡಿಕೊಳ್ಳುವುದು ಸೂಕ್ತ. ಧ್ವನಿವರ್ಧಕಕ್ಕೆ ಸಾಧ್ಯವಾದರೆ ಬೇರೆ ಸರಬರಾಜು ಇರಲಿ. ನ್ಯೂಟ್ರಲ್ ಕುರಿತು ಮೇಲೆ ಹೇಳಿದ ಎಚ್ಚರಿಕೆ ಇಲ್ಲಿ ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಬಯಲಿನಲ್ಲಿ ಜೋಡಣೆಗಳನ್ನು ಪ್ರತಿ ಊರಿನಲ್ಲಿಯೂ ಬಿಚ್ಚಿ ಕಟ್ಟಲಾಗುತ್ತದೆ. ಅರ್ಥಿಂಗ್ ಸರಳನ್ನು ನೆಲಕ್ಕೆ ಹೂಡದೆ ಜನರೇಟರ್ ಚಾಲೂ ಮಾಡಬಾರದು.

ಅರ್ಜಿಯೊಂದಿಗೆ ನೀಡಬೇಕಾದ ವಿವರ

ರಂಗಮಂದಿರಕ್ಕೆ ಅರ್ಜಿ ಸಲ್ಲಿಸುವಾಗ ತಂಡವು ಬಳಸಲಿರುವ ದೀಪಗಳ ಸಂಖ್ಯೆ, ಪ್ರತಿಯೊಂದರ ವ್ಯಾಟ್, ಯಾವ ದೀಪ ಯಾವ ಚಾನೆಲ್ಲಿಗೆ ಎಂಬ ಪಟ್ಟಿ, ತಾವೇ ತರುವ ಎಲ್‌ಇಡಿ ಹಾಗೂ ಇತರ ಉಪಕರಣಗಳ ವಿವರ ಮತ್ತು ಅವುಗಳಿಗೆ ಬೇಕಾಗುವ ನೇರ ಸಾಕೆಟ್ಟುಗಳ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿದರೆ ಸಿಬ್ಬಂದಿಗೆ ಹೊರೆಯನ್ನು ಮುಂಚಿತವಾಗಿ ಪರಿಶೀಲಿಸಲು ಅನುಕೂಲವಾಗುತ್ತದೆ. ಆ ರಂಗಮಂದಿರದಲ್ಲಿರುವ ರ‍್ಯಾಕ್‌ಗಳ ಸಂಖ್ಯೆ, ಚಾನೆಲ್ಲಿನ ಸಾಮರ್ಥ್ಯ, ಫೇಸ್ ಹಂಚಿಕೆ, ಈಗಾಗಲೇ ನೀಡಿರುವ ಡಿಎಂಎಕ್ಸ್ ವಿಳಾಸಗಳು ಹಾಗೂ ಕೆಟ್ಟಿರುವ ಚಾನೆಲ್‌ಗಳ ಮಾಹಿತಿಯನ್ನು ಅರ್ಜಿದಾರರು ಸಿಬ್ಬಂದಿಯಿಂದ ಕೇಳಿ ಪಡೆಯಬಹುದು. ಪಟ್ಟಿಯ ಇನ್ನೊಂದು ಪ್ರತಿಯನ್ನು ಪ್ರದರ್ಶನದ ದಿನ ರ‍್ಯಾಕ್‌ನ ಪಕ್ಕದಲ್ಲಿಯೇ ತೂಗುಹಾಕತಕ್ಕದ್ದು. ಮುಖ್ಯ ಸ್ವಿಚ್ ಎಲ್ಲಿದೆ ಎಂಬುದನ್ನು ನಿರ್ವಾಹಕರು ಮಾತ್ರವಲ್ಲದೆ ತಂಡದ ಇನ್ನೊಬ್ಬರಾದರೂ, ಕತ್ತಲೆಯಲ್ಲಿ ಕೈಯಿಟ್ಟು ತಲುಪುವಷ್ಟು, ತಾಲೀಮಿಗೆ ಮುನ್ನವೇ ನೋಡಿಟ್ಟುಕೊಂಡಿರಬೇಕು.